ಹು ಎಂಬ ಅಕ್ಷರ

"ನನ್ನ ಕೈಯಿಂದ ಆಗಲ್ಲ. ನೀನೇ ತೆಗೆದುಹಾಕು," ಎಂದು ಭಾವ ಕುರ್ಚಿಯಿಂದ ಎದ್ದರು. ಎದ್ದವರು ಕುರ್ಚಿಯನ್ನು ಭಾಮೈದನ ಕಡೆಗೆ ತಿರುಗಿಸಿ, ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದರು. ಕೆಳಗಿರುವುದು ಅವರ ಅಂಗಡಿ, ತೂಕದ ಯಂತ್ರಗಳ ರಿಪೇರಿ. ಸ್ವಲ್ಪ ಹೊತ್ತಿಗೆಲ್ಲ ತಟ್ಟೆಯ ಮೇಲೆ ತೂಕದ ಕಲ್ಲು ಇಡುವ ಸದ್ದು ಕೇಳಿಸಿತು.

ಒಂದೂವರೆ ವರ್ಷದ ಜಗಳದಲ್ಲಿ ಕೊನೆಗೂ ಗೆದ್ದದ್ದು ಭಾಮೈದ, ಅಂದರೆ ಚಿತ್ರಗಾರ. ಗೆದ್ದವನು ನೆಮ್ಮದಿಯಾಗಿ ಕೂತು ಕೆಲಸ ಮುಗಿಸಬೇಕಿತ್ತು. ಅವನೋ ಕೂತ, ಎದ್ದ, ಕಿಟಕಿ ತೆರೆದ, ಮತ್ತೆ ಮುಚ್ಚಿದ. ನಾಳೆ ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರ್ ಆಟಗಳ ಪ್ರದರ್ಶನ. ಅಷ್ಟರೊಳಗೆ ಆಟದಿಂದ ಊರಿನ ನೆನಪನ್ನು ಕಿತ್ತುಹಾಕಬೇಕು.

ಈ ಆಟ ಭಾವನದು. ಹನ್ನೆರಡು ವರ್ಷ ಒಬ್ಬರೇ ಕೂತು ಬರೆದದ್ದು. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರಗಳು. ಬಾ ಎಂದರೆ ಬಾವಿ, ಅಂ ಎಂದರೆ ಅಂಗಡಿ, ಚಲಿಸುವ ನಾ ಎಂದರೆ ಆಡುವ ನಾನು. ನೋಡುವುದಕ್ಕೆ ಕಾಗುಣಿತದ ಪುಸ್ತಕ ಚೆಲ್ಲಾಪಿಲ್ಲಿಯಾದ ಹಾಗಿತ್ತು. ಆದರೆ ಆ ಅಕ್ಷರಗಳ ಊರಿಗೆ ನೆನಪಿತ್ತು. ಬಾವಿಕಟ್ಟೆಯಲ್ಲಿ ನೀವೊಂದು ಸುಳ್ಳು ಹೇಳಿದರೆ ಸಂಜೆಯೊಳಗೆ ಅದು ಕಮ್ಮಾರನ ಕಿವಿಗೆ ಬಿದ್ದಿರುತ್ತಿತ್ತು. ಯಾರಿಗೋ ಮಾಡಿದ ಉಪಕಾರಕ್ಕೆ ಇನ್ನಾರೋ ಬಾಗಿಲು ತೆರೆಯುತ್ತಿದ್ದರು. ಅಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಆಡುತ್ತಿದ್ದದ್ದು ಮಾತ್ರ ಒಬ್ಬಳೇ, ಅವರ ಹೆಂಡತಿ. ಬೇರೆಯವರು ಪರದೆ ನೋಡಿ, ಕಂಪ್ಯೂಟರ್ ಕೆಟ್ಟಿದೆಯಾ ಎಂದು ಕೇಳುತ್ತಿದ್ದರು. ಕೊನೆಗೆ ಅಕ್ಕ ತನ್ನ ತಮ್ಮನನ್ನು ಎಳೆದು ತಂದಳು. ಅವನು ಚಿತ್ರ ಬರೆಯಲಿ, ಇವರು ಊರು ನಡೆಸಲಿ ಎಂಬುದು ಅವಳ ಲೆಕ್ಕಾಚಾರ.

ತಮ್ಮ ಒಂದೊಂದು ಅಕ್ಷರದ ಜಾಗದಲ್ಲೂ ಒಂದೊಂದು ಚಿತ್ರ ಬರೆದ, ಅದರಲ್ಲಿ ಅವನದು ಎತ್ತಿದ ಕೈ. ಗಾಳಿಗೆ ಬಾಗುವ ಹುಲ್ಲು ಬಂತು, ಮುಸ್ಸಂಜೆಯ ಬೆಳಕು ಬಂತು. ಆದರೆ ಬಣ್ಣ ಕಂಡರೆ ತಲೆ ಓಡುವುದಿಲ್ಲವೆಂದು ಭಾವ ಒಂದು ದಿನವೂ ಆ ಚಿತ್ರದ ಆಟವನ್ನು ತೆರೆದು ನೋಡಲಿಲ್ಲ. ಆ ಇರುವೆಸಾಲು ಯಾರು ಓದುತ್ತಾರೆಂದು ಇವನು ಅಕ್ಷರದ ಆಟವನ್ನು ಮುಟ್ಟಲಿಲ್ಲ. ಇಬ್ಬರೂ ಸೇರಿ ಒಂದೇ ಮನೆ ಕಟ್ಟುತ್ತಿದ್ದೀರಿ, ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಕಾಲಿಡಲ್ಲ ಎಂದು ಅಕ್ಕ ಮೂಗು ಮುರಿಯುತ್ತಿದ್ದಳು.

ಹೋದ ವಾರ ಪರಿಚಯದವರನ್ನು ಕರೆದು ಇದೇ ಕೋಣೆಯಲ್ಲಿ ಚಿತ್ರದ ಆಟ ಆಡಿಸಿದರು. ಬಣ್ಣ ನೋಡಲಾರೆನೆಂದು ಭಾವ ಕೆಳಗೆ ಅಂಗಡಿಯಲ್ಲೇ ಉಳಿದರು, ಅಕ್ಕ ಬಂದವರಿಗೆ ಕಾಫಿ ಮಾಡುವುದರಲ್ಲಿದ್ದಳು. ಬಂದವರೆಲ್ಲ ಚಿತ್ರ ನೋಡಿ ಬಾಯಿ ಬಿಟ್ಟರು. ಕಾಡು ದಾಟಿ ಊರಿಗೆ ಹೋದದ್ದೇ ತಡ, ಎಲ್ಲ ಕೆಟ್ಟಿತು. ಅಂಗಡಿಯವನು ಬಾಗಿಲು ಹಾಕಿಕೊಂಡ, ಕಮ್ಮಾರ ಬೆನ್ನು ತಿರುಗಿಸಿದ, ಬಾವಿಯ ಹತ್ತಿರದ ಮುದುಕಿ ಇವರನ್ನು ಕಂಡು ಉಗುಳಿದಳು. ಒಬ್ಬರಿಗಲ್ಲ, ಆಡಿದ ಪ್ರತಿಯೊಬ್ಬರಿಗೂ ಹೀಗೇ ಆಯಿತು. ನಾವೇನು ಮಾಡಿದ್ವಿ ಅಂತ ಈ ಶಿಕ್ಷೆ ಎಂದು ಎಲ್ಲರೂ ಕೆಳಗಿಳಿದು ಹೋಗಿ ಭಾವನನ್ನೇ ಕೇಳಿದರು. ಅವರು ಐದು ದಿನ ಅಂಗಡಿ ಮುಚ್ಚಿ ತಾವು ಬರೆದ ನಿಯಮಗಳನ್ನೆಲ್ಲ ಸಾಲು ಸಾಲಾಗಿ ಜಾಲಾಡಿದರು. ತಪ್ಪು ಸಿಗಲಿಲ್ಲ. ನೆನಪೇ ಕೆಟ್ಟಿದೆ ಭಾವ, ತೆಗೆದುಬಿಡಿ, ಜನಕ್ಕೆ ನೋಡೋದಕ್ಕೆ ಚೆನ್ನಾಗಿದ್ದರೆ ಸಾಕು ಎಂದು ಇವನು ಪಟ್ಟು ಹಿಡಿದ. ಅದನ್ನು ತೆಗೆದರೆ ಉಳಿಯುವುದು ಬಣ್ಣದ ಪರದೆ ಅಷ್ಟೇ ಎಂದು ಇಬ್ಬರಿಗೂ ಗೊತ್ತಿತ್ತು. ಇವತ್ತು ಮಧ್ಯಾಹ್ನ ಭಾವ ಸೋತರು.

ಈಗ ತೆಗೆಯಬೇಕೆಂದರೆ ನೆನಪು ಎಲ್ಲಿಂದ ಶುರುವಾಗುತ್ತದೆಂದು ತಿಳಿಯಬೇಕಲ್ಲ. ಬೇರೆ ದಾರಿಯಿಲ್ಲದೆ ಚಿತ್ರಗಾರ ಮೊದಲ ಸಲ ಅಕ್ಷರದ ಆಟ ತೆರೆದ. ನಾ ಕಾಡಿನ ಅಂಚಿಗೆ ಬಂತು. ಮರಗಳ ಮ ಸಾಲಿನಿಂದ ಹು ಹೊರಬಿದ್ದು ನೇರ ಅದರ ಕಡೆಗೆ ಓಡಿ ಬಂತು. ಅಭ್ಯಾಸಬಲದಿಂದ ಇವನ ಬೆರಳು ಹೊಡೆಯುವ ಕೀಲಿಯನ್ನು ಒತ್ತಿತು. ಕೆಳಗೆ ಒಂದು ಸಾಲು ಮೂಡಿತು:

"ಹುಡುಗಿ ಬಿದ್ದಳು. ಅವಳ ಕೈಯಲ್ಲಿ ಖಾಲಿ ಪಾತ್ರೆಯಿತ್ತು."

ಅವನು ಎರಡು ಸಲ ಓದಿದ. ಆಮೇಲೆ ಮೇಜಿನ ಖಾನೆ ಎಳೆದು, ಚಿತ್ರ ಬರೆಯುವುದಕ್ಕೆಂದು ಭಾವ ಬರೆದುಕೊಟ್ಟಿದ್ದ ಅಕ್ಷರಗಳ ಪಟ್ಟಿಯನ್ನು ಹುಡುಕಿ ತೆಗೆದ. ಅಲ್ಲಿತ್ತು: 'ಹು. ಕಾಡಿನ ಅಂಚು. ವೇಗ ಮೂರು. ಆಟಗಾರ ಕಂಡರೆ ಓಡಿ ಬರುತ್ತದೆ.' ಬರುತ್ತಾಳೆ ಅಲ್ಲ, ಬರುತ್ತದೆ. ಯಂತ್ರಗಳ ಜೊತೆ ಬದುಕಿದ ಮನುಷ್ಯ, ಪಟ್ಟಿಯುದ್ದಕ್ಕೂ ಹಾಗೇ ಬರೆದಿದ್ದರು. ಹೆಸರು ಬಿಡಿಸಿ ಬರೆದ ಕಡೆಯೂ ಅಷ್ಟೇ, ಅಂಗಡಿಯವನು ಬಾಗಿಲು ತೆರೆಯುತ್ತದೆ, ಮುದುಕಿ ಬೈಯುತ್ತದೆ. ಓದಿದಾಗ ಇವನು ನಕ್ಕಿದ್ದ. ಕಾಡಿನ ಅಂಚಿನಿಂದ ಓಡಿ ಬರುವ ಹು ಹುಲಿಯಲ್ಲದೆ ಇನ್ನೇನು ಎಂದು ಮೂರು ವಾರ ಕೂತು ಹುಲಿ ಬರೆದಿದ್ದ. ಅವನ ಜೀವಮಾನದ ಕೆಲಸ ಅದು. ಅದನ್ನು ನೋಡಿಯೇ ಪ್ರದರ್ಶನದವರು ಇವರಿಗೆ ಬಾಗಿಲ ಎದುರಿನ ಜಾಗ ಕೊಟ್ಟಿದ್ದರು. ಪೋಸ್ಟರಿನ ತುಂಬ ಅದೇ ಹುಲಿ. ಹೊಡೆದಾಟದ ಹೊತ್ತಿನಲ್ಲಿ ಅಕ್ಷರದ ಸಾಲು ಚಿತ್ರವನ್ನು ಹಾಳು ಮಾಡುತ್ತದೆಂದು ಅದನ್ನು ಮರೆಮಾಡಿದವನೂ ಇವನೇ.

ಆಡಿದವರೆಲ್ಲ ಒಂದು ಹುಡುಗಿಯನ್ನು ಕೊಂದಿದ್ದರು. ಅವರಿಗೆ ಗೊತ್ತಿರಲಿಲ್ಲ, ಊರಿಗೆ ಗೊತ್ತಿತ್ತು.

ಚಿತ್ರಗಾರ ಎದ್ದು ಮೆಟ್ಟಿಲವರೆಗೆ ಹೋದ, ವಾಪಸು ಬಂದ. ನೆನಪನ್ನು ಅಳಿಸುವುದು ಒಂದು ನಿಮಿಷದ ಕೆಲಸ. ಭಾವ ತಾವಾಗಿಯೇ ಒಪ್ಪಿಗೆ ಕೊಟ್ಟಾಗಿದೆ. ಹುಲಿ ಉಳಿಯುತ್ತದೆ, ಬಾಗಿಲ ಎದುರಿನ ಜಾಗ ಉಳಿಯುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಮತ್ತೆ ಮೆಟ್ಟಿಲ ಹತ್ತಿರ ಹೋದ. ಇಲ್ಲದ ತಪ್ಪನ್ನು ಹುಡುಕುತ್ತ ಭಾವ ಐದು ದಿನ ಇದೇ ಕುರ್ಚಿಯಲ್ಲಿ ಬಗ್ಗಿ ಕೂತಿದ್ದರು. ಹಿಂದೆ ನಿಂತು ಇವನು ಬುದ್ಧಿ ಹೇಳುತ್ತಿದ್ದ. ಅದು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಕೆಳಗಿಳಿದ.

ಭಾವ ಒಂದು ತಕ್ಕಡಿಯ ಮುಳ್ಳನ್ನು ನೇರ ಮಾಡುತ್ತಿದ್ದರು. ತಲೆ ಎತ್ತಲಿಲ್ಲ.

"ಭಾವ, ತಪ್ಪು ನಿಮ್ಮದಲ್ಲ. ಹು ಅಂದ್ರೆ ಹುಲಿ ಅಂದ್ಕೊಂಡೆ ನಾನು."

"ಆಟದಲ್ಲಿ ಹುಲಿ ಎಲ್ಲಿದೆ? ಅದು ಪೋಸ್ಟರಿಗೆ ಅಂತ ಬರೆದದ್ದಲ್ವಾ?"

"ಹುಡುಗಿ ಇರಬೇಕಾದ ಕಡೆ ಇದೆ."

ಭಾವನಿಗೆ ಅರ್ಥವಾಯಿತು. ಆದ ಮೇಲೂ ಕೂಗಾಡಲಿಲ್ಲ. ಮುಳ್ಳಿನಿಂದ ಕೈ ತೆಗೆದು ಕೇಳಿದ್ದು ಒಂದೇ ಮಾತು.

"ನೆನಪನ್ನು ತೆಗೆದುಬಿಟ್ಯಾ?"

"ಇಲ್ಲ."

ಭಾವ ಅಲ್ಲೇ ಸ್ಟೂಲಿನ ಮೇಲೆ ಕೂತರು. ಹೋದ ಜೀವ ಬಂದವರಂತೆ ಉಸಿರು ಬಿಟ್ಟರು. ಆಮೇಲೆ ಆ ಹುಲಿಯನ್ನು ತೋರಿಸು ಎಂದು ತಾವೇ ಮುಂದಾಗಿ ಮೆಟ್ಟಿಲು ಹತ್ತಿದರು.

ಕನ್ನಡಕ ಹಾಕಿಕೊಂಡು ಚಿತ್ರದ ಆಟದ ಮುಂದೆ ಕೂತವರು ಹುಲ್ಲು ಅಲ್ಲಾಡುವುದನ್ನು ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಬೇಕಿದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದರು. ಕಾಡಿನ ಅಂಚಿಗೆ ಬಂದರು. ಮರಗಳ ನಡುವಿನಿಂದ ಹುಲಿ ಹಾರಿ ಬಂತು. ಭಾವನ ಬೆನ್ನು ಹಿಂದಕ್ಕೆ ಸರಿಯಿತು. ಒಳಗಿರುವುದು ಯಾರೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಆದರೂ ಅವರ ಬೆರಳು ತಾನಾಗಿ ಹೊಡೆಯುವ ಕೀಲಿಯ ಮೇಲೆ ಹೋಗಿ ನಿಂತಿತು.

"ಹೊಡೀಬೇಡಿ ಭಾವ."

ಬೆರಳು ಮೇಲೆದ್ದಿತು. ಹುಲಿ ಓಡೋಡಿ ಬಂದು, ಎರಡು ಹೆಜ್ಜೆ ದೂರದಲ್ಲಿ ನಿಂತು, ಮುಖ ಮೇಲೆತ್ತಿತು. ಅದರ ಕಾಲ ಕೆಳಗೆ ಚಿತ್ರದ ಆಟದಲ್ಲಿ ಇಷ್ಟು ದಿನ ಯಾರೂ ಕಾಣದಿದ್ದ ಸಾಲು ನಿಧಾನವಾಗಿ ಮೂಡಿತು:

"ಅಣ್ಣಾ, ನಮ್ಮಮ್ಮ ಎಷ್ಟು ಕರೆದರೂ ಏಳ್ತಿಲ್ಲ. ಒಂದ್ಸಲ ಬಂದು ನೋಡ್ತೀಯಾ?"

ಸಂಜೆಯೊಳಗೆ ಹುಡುಗಿಯನ್ನು ಬರೆದುಬಿಡುತ್ತೇನೆ, ಇದನ್ನು ತೆಗೆಯೋಣ ಎಂದು ಚಿತ್ರಗಾರ ಮೌಸಿಗೆ ಕೈ ಚಾಚಿದ. ಭಾವ ಅವನ ಮಣಿಕಟ್ಟು ಹಿಡಿದುಕೊಂಡರು. ಪರದೆಯಿಂದ ಕಣ್ಣು ಕೀಳಲಿಲ್ಲ.

"ಇರು, ಅವಳು ಕೇಳ್ತಿದ್ದಾಳೆ," ಎಂದರು.

ಹುಲಿ ಉಸಿರಾಡುತ್ತಿತ್ತು, ಪಕ್ಕೆ ಏರಿಳಿಯುತ್ತಿತ್ತು. ಅದು ಕಣ್ಣು ಮಿಟುಕಿಸುತ್ತ, ಉತ್ತರಕ್ಕೆ ಕಾಯುತ್ತ ನಿಂತಿತ್ತು.