ಬಂದರಿನ ಚಿಪ್ಪುಗಳ ಸಾಕ್ಷಿ

ಈ ಕಥೆಯನ್ನು ಮೊದಲು ಹೇಳಿದವಳು ಮಂಜುಗಡ್ಡೆ ಕಾರ್ಖಾನೆಯ ಕಾವಲುಗಾರನ ಅತ್ತೆ; ಹಳೆಯ ದೀಪಸ್ತಂಭವನ್ನು ಕೆಡವಿದ ವರ್ಷ, ಬಲೆ ಒಣಗಿಸುವ ಕಟ್ಟೆಯ ಮೇಲೆ ಕುಳಿತು.

ಬಂದರಿನ ನೀರನ್ನು ಕಾಯಲು ಅಲ್ಲೊಂದು ಸಮಿತಿಯಿತ್ತು. ಅದರ ಅಧ್ಯಕ್ಷ ಕಪ್ಪೆಚಿಪ್ಪಿನ ವ್ಯಾಪಾರಿ. ದೋಣಿಗಳು ನಿಲ್ಲುವ ಧಕ್ಕೆಯ ಕೆಳಗೆ, ನೀರಿನೊಳಗೆ, ತಂತಿಯ ಪಂಜರದಲ್ಲಿ ಜೀವಂತ ಚಿಪ್ಪುಗಳನ್ನು ಇಳಿಬಿಟ್ಟಿದ್ದರು. ಅವು ಬಾಯಿ ತೆರೆದಿದ್ದರೆ ನೀರು ಶುದ್ಧವೆಂದು ಬಿಳಿ ಬಾವುಟ ಏರುತ್ತಿತ್ತು. ಮುಚ್ಚಿದ್ದರೆ ನೀರು ಕೆಟ್ಟಿದೆಯೆಂದು ಚಿಪ್ಪಿನ ಅಂಗಡಿಗೆ ಬೀಗ ಬೀಳುತ್ತಿತ್ತು. ಊರಿಗೆ ಇದ್ದದ್ದು ಅಂಥ ಒಂದೇ ಅಂಗಡಿ, ಅಧ್ಯಕ್ಷನದು.

ಒಂದು ಬೆಳಗ್ಗೆ ಚಿಪ್ಪುಗಳೆಲ್ಲ ಬಿಗಿಯಾಗಿ ಮುಚ್ಚಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ದೋಣಿ ತೊಳೆಯುವ ಶೆಡ್ಡಿನಿಂದ ಕರಿ ಎಣ್ಣೆ ನೀರಿಗೆ ಹರಿಯುತ್ತಿತ್ತು. ಶೆಡ್ಡು ಅಧ್ಯಕ್ಷನ ಬಾಮೈದನದು. ಗದರಿಸೋಣವೆಂದರೆ ರಾತ್ರಿ ಊಟ ಬಡಿಸುವವಳು ಅವನ ಅಕ್ಕ. ಅಡಕತ್ತರಿಯಲ್ಲಿ ಸಿಕ್ಕಿದ ಅಧ್ಯಕ್ಷ ಮೆಲ್ಲನೆ ವಿಚಾರಿಸಿದ. ನೀರಿನಲ್ಲಿ ದೋಷವಿಲ್ಲ ಭಾವ, ಚಿಪ್ಪುಗಳೇ ಮುನಿಸಿಕೊಂಡಿವೆ, ಬಿಟ್ಟುಬಿಡಿ, ತಾವಾಗಿಯೇ ಬಾಯಿ ತೆರೆಯುತ್ತವೆ ಎಂದ ಬಾಮೈದ.

ಹಾಗೆಯೇ ಆಯಿತು. ಚಿಪ್ಪುಗಳೆಲ್ಲ ಬಾಯಿ ತೆರೆದವು. ಮತ್ತೆ ಮುಚ್ಚಲೇ ಇಲ್ಲ. ಬಾವುಟ ಏರಿತು, ಬೀಗ ಕಳಚಿತು. ಅಪ್ಪನ ಕಾಲದಿಂದ ಚಿಪ್ಪು ಮಾರಿದ ಅಧ್ಯಕ್ಷನಿಗೆ ವಿಷಯ ತಿಳಿಯದೆ ಇರಲಿಲ್ಲ. ಆದರೆ ಸಮಿತಿಗೆ ಹೋಗುವಾಗ ಆತ ಅಂಗಡಿಯ ತಿಳಿವಳಿಕೆಯನ್ನು ಅಂಗಡಿಯಲ್ಲೇ ಬಿಟ್ಟು ಹೋಗುತ್ತಿದ್ದ.

ಇಳಿಯದ ಬಾವುಟದ ಸುದ್ದಿ ಕೇಳಿ ಮೇಲಿನ ಕಚೇರಿಯಿಂದ ಪರೀಕ್ಷಾಧಿಕಾರಿ ಬಂದಳು. ಧಕ್ಕೆಯಿಂದಲೇ ಬಗ್ಗಿ ನೋಡಿ, ಅಧ್ಯಕ್ಷನನ್ನು ಹೊಗಳಿ, ಮನೆಗೊಂದು ಬುಟ್ಟಿ ಚಿಪ್ಪು ಕೇಳಿದಳು. ಅಧ್ಯಕ್ಷ ಉಬ್ಬಿಹೋಗಿ, ಬಂದರಿನಾಚೆಯ ಕಡಲ ಬಂಡೆಗಳಿಂದ ತಂದ ರಾಶಿಯಲ್ಲಿ ತಾನೇ ಆರಿಸತೊಡಗಿದ. ಬಾಯಿ ತೆರೆದವುಗಳನ್ನು ಅಭ್ಯಾಸಬಲದಿಂದ ಕೈ ಪಕ್ಕಕ್ಕೆ ಎಸೆಯಿತು. ಅವು ಯಾಕೆ ಬೇಡವೆಂದು ಆಕೆ ಕೇಳಿದಳು.

"ಬಾಯಿ ಬಿಟ್ಟಿವೆಯಲ್ಲಮ್ಮಾ. ಜೀವ ಇದ್ರೆ ತಟ್ಟಿದ ಕೂಡ್ಲೇ ಮುಚ್ಕೋತವೆ. ಸತ್ತದ್ದನ್ನ ಮಾರೋ ಅಂಗಡಿ ಅಲ್ಲ ಇದು."

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಚಿಪ್ಪಿಗೆ ಹೇಗೋ ಅಧ್ಯಕ್ಷನಿಗೂ ಹಾಗೆಯೇ. ಅಧಿಕಾರಿ ಬುಟ್ಟಿಯನ್ನು ಕೆಳಗಿಟ್ಟು ಧಕ್ಕೆಗೆ ಮರಳಿದಳು. ಪಂಜರ ಎತ್ತಿಸಿ ಒಂದೊಂದನ್ನೇ ಬೆರಳಿನಿಂದ ತಟ್ಟಿದಳು. ಒಂದೂ ಮುಚ್ಚಲಿಲ್ಲ.

ಬಾವುಟ ಇಳಿಯಿತು. ಶೆಡ್ಡಿನ ಮೋರಿಗೆ ಸಿಮೆಂಟು ಬಿತ್ತು, ಅಂಗಡಿಗೆ ಬೀಗ. ಊಟಕ್ಕೆ ಕುಳಿತಾಗ ಹೆಂಡತಿ ತಟ್ಟೆ ಕುಕ್ಕಿದಳು.

"ನನ್ ತಮ್ಮನ ಮುಂದೆ ಸುಮ್ನಿದ್ರಿ, ಸಮಿತೀಲಿ ಸುಮ್ನಿದ್ರಿ. ನಿಜ ಹೇಳೋಕೆ ಗಿರಾಕಿನೇ ಬೇಕಿತ್ತಾ ನಿಮ್ಗೆ?"

ಅಂಗಡಿ ಮತ್ತೆ ತೆರೆಯಿತೇ ಎಂದು ಕಟ್ಟೆಯ ಮೇಲೆ ಯಾರೋ ಕೇಳಿದರು. ನೀರು ತಿಳಿಯಾದ ಮೇಲೆ ತೆರೆಯಿತು, ಈಗ ಅಧ್ಯಕ್ಷನೇ ದಿನವೂ ಚಿಪ್ಪು ತಟ್ಟಿ ನೋಡುತ್ತಾನೆ ಎಂದಳು ಅತ್ತೆ. ಕೇಳುತ್ತಿದ್ದವರು ಆಕಳಿಕೆಯ ಬಾಯಿಗಳನ್ನು ಮುಚ್ಚಿಕೊಂಡು, ಚಾಪೆ ಸುತ್ತಿ, ಮನೆಯತ್ತ ನಡೆದರು.