ಉಪ್ಪಿನ ಮಡಕೆಯಲ್ಲಿದ್ದ ತಾಯಿತ

ನನ್ನ ನಾಲಿಗೆ ಸ್ವಲ್ಪ ಉದ್ದ. ಮಧುಗಿರಿಯ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಮಂಗಳಾ ಎಂದರೆ ಮೊದಲು ಇದನ್ನೇ ಹೇಳುತ್ತಾರೆ, ನನ್ನ ಗಂಡನನ್ನಂತೂ ಕೇಳುವುದೇ ಬೇಡ. ಊರೂರು ತಿರುಗಿ ಹೆಂಗಸರ ಎಂಜಲು ಸಂಗ್ರಹಿಸುವ ಕೆಲಸಕ್ಕೆ ಜ್ಯೋತಿಲಕ್ಷ್ಮಿ ಮೇಡಂ ನನ್ನನ್ನು ಆರಿಸಿಕೊಂಡದ್ದೂ ಈ ನಾಲಿಗೆಗಾಗಿಯೇ. ಲ್ಯಾಬ್ ಕೋರ್ಸ್ ಓದಿದವರು ಬೇಕಾದಷ್ಟು ಜನ ಇದ್ದರು. ಮುದುಕಿಯರನ್ನು ಮಾತಿನಲ್ಲಿ ಒಪ್ಪಿಸುವವರು ಇರಲಿಲ್ಲ.

ಮೇಡಂ ಸಂಶೋಧನೆಯವರು. ಅವರು ನನಗೆ ತಿಳಿಸಿದ್ದು ಇಷ್ಟು: ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿದು ಬರುವ ಒಂದು ಗುರುತು ನಮ್ಮ ಮೈಯಲ್ಲಿದೆ, ಎಂಜಲಿನಲ್ಲೂ ಇರುತ್ತದೆ. ಗಂಡುಮಕ್ಕಳಿಗೂ ಅದು ತಾಯಿಯಿಂದ ಸಿಗುತ್ತದೆ, ಆದರೆ ಅವರಲ್ಲೇ ನಿಂತುಹೋಗುತ್ತದೆ. ಆ ಗುರುತನ್ನು ಹಿಡಿದು ಹಿಂದಕ್ಕೆ ಹೋದರೆ ಸುಮಾರು ಅರವತ್ತು ಸಾವಿರ ವರ್ಷದ ಹಿಂದಿನ ಒಬ್ಬ ತಾಯಿ ಸಿಗುತ್ತಾಳೆ. ಅವಳ ಬಳ್ಳಿಗೆ 'ಎಂ' ಎಂದು ಹೆಸರಿಟ್ಟಿದ್ದಾರೆ. ಬರ್ಮಾ, ಚೀನಾ, ಜಪಾನಿನವರೆಗೂ ಹಬ್ಬಿದೆಯಂತೆ. ಅವಳು ಆಫ್ರಿಕಾದವಳೋ, ಇಲ್ಲೇ ನಮ್ಮ ಕಡೆಯವಳೋ ಎಂದು ಪಂಡಿತರು ಇನ್ನೂ ಕಿತ್ತಾಡುತ್ತಲೇ ಇದ್ದಾರೆ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಮ್ಮಜ್ಜಿ ಯಾವ ಮೆಷಿನ್ನೂ ಇಲ್ಲದೆ ಹೇಳುತ್ತಿದ್ದಳು, ಇರಲಿ.

ಟ್ಯೂಬು ಕೊಡುವ ಮೊದಲು ಮೂರು ಪ್ರಶ್ನೆ ಕೇಳಬೇಕಿತ್ತು. ನಿಮ್ಮಮ್ಮನ ಹೆಸರೇನು, ಅವರ ಅಮ್ಮನ ಹೆಸರೇನು, ಆ ಅಮ್ಮನ ಅಮ್ಮನ ಊರು ಯಾವುದು. ಗಂಡನ ಮನೆಯ ಕುಲ, ಬೆಡಗು, ಮನೆದೇವರು, ಸತ್ತ ಮಾವಂದಿರ ಹೆಸರು ಎಲ್ಲವನ್ನೂ ಪಟಪಟನೆ ಹೇಳುವ ಹೆಂಗಸರು ಮೂರನೇ ಪ್ರಶ್ನೆಗೆ ಬಾಯಿ ಕಟ್ಟಿದವರಂತೆ ಕೂತುಬಿಡುತ್ತಿದ್ದರು. ಹೊಳವನಹಳ್ಳಿಯ ಅಜ್ಜಿಯೊಬ್ಬಳು, "ಕೊಟ್ಟ ಹೆಣ್ಣು ಕುಲಕ್ಕೆ ಹೊರ್ಗು. ಅವ್ರ ಊರ್ನ ಯಾರ್ ಕೇಳವ್ರೆ ಕಣಮ್ಮ, ನೀನೇ ಮೊದ್ಲು" ಎಂದು ನಕ್ಕಿದ್ದಳು.

ಮೂರಕ್ಕೂ ಉತ್ತರ ಕೊಟ್ಟವಳು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಕದರಮ್ಮ. ಎಪ್ಪತ್ತರ ಹತ್ತಿರದ ವಯಸ್ಸು. ಗಂಡ ತಿಪ್ಪಯ್ಯ ಸತ್ತು ಐದು ವರ್ಷವಾಗಿತ್ತು. ಮಗ ತಿಪ್ಪೇರುದ್ರ ಸೋಲಾರ್ ಪ್ಲೇಟು ಒರೆಸುವ ಕೆಲಸಕ್ಕೆ ಹೋಗುತ್ತಿದ್ದ. ಅವಳು ಜಗಲಿಯ ಮೇಲೆ ಎಲೆಅಡಿಕೆ ಮೆಲ್ಲುತ್ತಾ, "ನಮ್ಮವ್ವ ಸಣ್ಣಕ್ಕ. ಅವಳವ್ವ ಪಟಾಲಮ್ಮ. ಅವಳವ್ವನ್ನ ಪಟ್ಟನಾಯಕನಹಳ್ಳಿ ಕಡೆಯಿಂದ ತಂದಿದ್ರಂತೆ" ಎಂದಳು. ನಾನು ಬರೆದುಕೊಂಡು ಟ್ಯೂಬು ಚಾಚಿದೆ.

"ಒಲ್ಲೆ," ಎಂದಳು. "ಎಂಜ್ಲು ಯಾರ್ಗಾರಾ ಕೊಡ್ತಾರಾ? ಹೋಗಮ್ಮ."

ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ಪಾವಗಡದ ಬಸ್ಸು ಇನ್ನು ಇಪ್ಪತ್ತು ನಿಮಿಷಕ್ಕೆ, ಅದು ತಪ್ಪಿದರೆ ನಾಲ್ಕೂವರೆಗೆ. ನಾನು ತಾಯಿ ಬಳ್ಳಿಯ ಕಥೆಯನ್ನು ಗಡಿಬಿಡಿಯಲ್ಲಿ ಒದರಿದೆ. ಅವಳ ಬಾಯಿ ಮೆಲ್ಲುವುದನ್ನು ನಿಲ್ಲಿಸಿತು.

"ಮಗ್ಳು ಎಲ್ಲಿದ್ರೂ ಅವಳ ಮೈನಾಗೂ ಇದೇ ಇರ್ತದಾ?"

"ಇದೇ ಇರುತ್ತೆ ಅಜ್ಜಿ."

"ಅವಳ್ಗೊಂದು ಹೆಣ್ಣು ಹುಟ್ಟಿದ್ರೆ?"

"ಅದಕ್ಕೂ."

ಆಗ ಅವಳು ಹೇಳಿದಳು. ಮಗಳಿಗೆ ತನ್ನ ಅಜ್ಜಿಯ ಹೆಸರನ್ನೇ ಇಟ್ಟಿದ್ದಳು, ಪಟಾಲಮ್ಮ ಎಂದು. ಆ ಮಗಳು ಹತ್ತೊಂಬತ್ತಕ್ಕೆ ಬೇರೆ ಜನದ ಹುಡುಗನ ಜೊತೆ ಹೊರಟುಹೋದಳು. ಮೂರನೇ ದಿನ ತಿಪ್ಪಯ್ಯ ತಲೆ ಬೋಳಿಸಿಕೊಂಡು, ಬದುಕಿರುವ ಮಗಳಿಗೆ ತಿಥಿ ಮಾಡಿದ. ಬಟ್ಟೆ, ಫೋಟೋ, ಸ್ಕೂಲಿನ ಪುಸ್ತಕ ಎಲ್ಲಾ ರಾಶಿ ಹಾಕಿ ಸುಟ್ಟ. ಮನೆಮಂದಿಯೆಲ್ಲ ಸಾವಿನ ಸ್ನಾನ ಮಾಡಿದರು. ಕದರಮ್ಮ ಮಾಡಲಿಲ್ಲ.

"ಬಟ್ಟೆ ಸುಟ್ರೆ ಮಗ್ಳು ಸತ್ತೋಯ್ತಾಳಾ? ತಲೆ ಮ್ಯಾಲೆ ನೀರು ಹುಯ್ಕಳಲ್ಲ ಅಂದೆ. ಹೊಡ್ದ. ಆದ್ರೂ ಹುಯ್ಕಳ್ಲಿಲ್ಲ. ಇಪ್ಪತ್ತೆಲ್ಡು ವರ್ಷ ಆತು. ಎಲ್ಲಾ ಸುಟ್ಟ ಆವಯ್ಯ, ಒಂದು ಬಿಟ್ಟು."

ಆ ಒಂದು ಯಾವುದು ಎಂದು ನಾನು ಕೇಳಬೇಕಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ಪಾವಗಡದ ಪಟ್ಟಿಯಲ್ಲಿ ಬಾಕಿಯಿದ್ದದ್ದು ಇವಳ ಹೆಸರೊಂದೇ.

"ಈ ಪೆಟ್ಟಿಗೆಯಲ್ಲಿ ನಾಲ್ಕು ತಾಲ್ಲೂಕಿನ ಹೆಂಗಸರ ಎಂಜಲಿದೆ ಅಜ್ಜಿ," ಎಂದುಬಿಟ್ಟೆ. "ನಿನ್ನ ಮಗಳೋ ಮೊಮ್ಮಗಳೋ ಎಲ್ಲಿ ಉಗುಳಿದ್ದರೂ ಮೆಷಿನ್ನು ಹಿಡಿದುಕೊಡುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಒಡೆದದ್ದು ನನಗೆ ಕೇಳಿಸಲೇ ಇಲ್ಲ. ಕದರಮ್ಮ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು, ಟ್ಯೂಬಿಗೆ ಉಗುಳಿದಳು, ನಾನು ಓಡಿ ಬಸ್ಸು ಹಿಡಿದೆ.

ಎಂಜಲು ಕೆಂಪಗಿತ್ತು. ಎಲೆಅಡಿಕೆಯ ಬಾಯಿ ತೊಳೆಸದೆ ತೆಗೆದಿದ್ದೀರಿ, ಮತ್ತೆ ತನ್ನಿ ಎಂದು ಲ್ಯಾಬಿನವರು ವಾಪಸ್ಸು ಹಾಕಿದರು. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಸುದ್ದಿ ಮೊದಲೇ ಕಳಿಸಿದ್ದರಿಂದ ಕದರಮ್ಮ ಬೆಳಗಿನಿಂದ ಬಾಯಿಗೆ ಏನೂ ಹಾಕಿರಲಿಲ್ಲ. ದೇವರಿಗೆ ಹೋಗುವವಳ ಹಾಗೆ ಒಗೆದ ಸೀರೆ ಉಟ್ಟು ಕೂತಿದ್ದಳು. ಟ್ಯೂಬು ಇಸಿದುಕೊಂಡು, "ನೀ ನೋಡ್ತಿದ್ರೆ ಬರಲ್ಲ, ಒಳಕ್ಕೋಗಿ ಬತ್ತೀನಿ" ಎಂದಳು. ಹೋಗಿ ಬಹಳ ಹೊತ್ತಾಯಿತು. ಒಳಗಿನಿಂದ ಮಡಕೆ ಸರಿಸಿದ ಸದ್ದು ಬಂತು. ಮುಚ್ಚಳ ಬಿಗಿಯಾಗಿ ತಿರುಗಿಸಿದ ಟ್ಯೂಬನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದು, ಎರಡೂ ಕೈಯಲ್ಲಿ ಕೊಟ್ಟಳು.

"ಮೆಲ್ಲಕೆ ಒಯ್ಯಿ ಮಗ. ಅಲ್ಲಾಡಿಸ್ಬ್ಯಾಡ."

ಒಂದು ಟ್ಯೂಬು ಎಂಜಲಿಗೆ ಇಷ್ಟು ಉಪಚಾರವಾ ಎಂದು ನಗು ಬಂತು. ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದೆ. ಒಳಗೆ ನೋಡಲಿಲ್ಲ.

ಮೂರು ತಿಂಗಳ ಮೇಲೆ ಫಲಿತಾಂಶದ ಪಟ್ಟಿ ಬಂತು. ಕದರಮ್ಮನ ಸಾಲಿನ ಮುಂದೆ 'ಎಂ' ಎಂದಿತ್ತು. ಅದರ ಪಕ್ಕದಲ್ಲಿ ಒಂದು ಟಿಪ್ಪಣಿ: ಟ್ಯೂಬಿನಲ್ಲಿ ಒಣಗಿದ ಕಪ್ಪು ಚೂರು ಇತ್ತು, ಸೋಸಿ ತೆಗೆದು ಎಸೆಯಲಾಗಿದೆ. ನಾನು ಜೋರಾಗಿ ಓದಿ, "ಪಾವಗಡದ ಅಜ್ಜಿಯರು ಎಂಜಲಿನ ಜೊತೆ ಉಪ್ಪಿನಕಾಯಿನೂ ಕೊಡ್ತಾರೆ ಮೇಡಂ" ಎಂದೆ. ಮೇಡಂ ನಕ್ಕರು. ನಾನು ಇನ್ನೂ ಹೆಚ್ಚು ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎಂಜಲು ಕೊಟ್ಟವರಿಗೆಲ್ಲ ಒಂದೊಂದು ಕಾಗದ ತಲುಪಿಸುವುದಿತ್ತು. ಕದರಮ್ಮ ನನ್ನನ್ನು ಬೀದಿಯ ತುದಿಯಲ್ಲೇ ಕಂಡು ಎದ್ದು ನಿಂತಳು. ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಸಿಕ್ಕಿದ್ಲಾ?"

ನಾನು ಅದನ್ನು ಮರೆತೇಹೋಗಿದ್ದೆ. ನಿಜ ಹೇಳುತ್ತೇನೆ, ನಾನು ಆಡಿದ ಮಾತು ನನಗೆ ನೆನಪೇ ಇರಲಿಲ್ಲ. ಅವಳು ಅದರ ಮೇಲೆಯೇ ಮೂರು ತಿಂಗಳು ಬದುಕಿದ್ದಳು.

ಕೂತು ತಡವರಿಸುತ್ತಾ ಹೇಳಿದೆ. ನಿನ್ನ ಬಳ್ಳಿ ಬಹಳ ಹಳೆಯದು ಅಜ್ಜಿ, ಬಹಳ ದೊಡ್ಡದು. ನಾವು ಎಂಜಲು ತೆಗೆದ ಹೆಂಗಸರಲ್ಲಿ ಹತ್ತಕ್ಕೆ ಆರು ಜನ ಅದೇ ಬಳ್ಳಿಯವರು. ಶಿರಾದಲ್ಲಿದ್ದಾರೆ, ಕೊರಟಗೆರೆಯಲ್ಲಿದ್ದಾರೆ, ಸಮುದ್ರದ ಆಚೆಯೂ ಇದ್ದಾರೆ. ನನ್ನದನ್ನೂ ನೋಡಿದರು, ನಾನೂ ಅದೇ.

"ನೀನೂವಾ?"

"ನಾನೂ."

ಅವಳು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

"ಇಷ್ಟು ಜನ ಸಿಕ್ಕವ್ರೆ," ಎಂದಳು. "ಅವಳೊಬ್ಳು ಸಿಗ್ಲಿಲ್ವೇನಮ್ಮ?"

ಅರವತ್ತು ಸಾವಿರ ವರ್ಷದ ತಾಯಿಯನ್ನು ಹುಡುಕುವ ಮೆಷಿನ್ನಿಗೆ ಇಪ್ಪತ್ತೆರಡು ವರ್ಷದ ಹಿಂದೆ ಹೋದ ಮಗಳು ಕಾಣುವುದಿಲ್ಲ ಎಂದು ಯಾವ ಬಾಯಿಂದ ಹೇಳಲಿ?

"ಹೋಗ್ಲಿ ಬುಡು," ಎಂದು ಅವಳೇ ಸಮಾಧಾನ ಮಾಡಿದಳು. "ಅಂಗಾರೆ ಅವಳ್ದು ವಾಪಸ್ ಕೊಟ್ಬುಡು ಮಗ."

"ಏನು ಅಜ್ಜಿ ಅವಳದು?"

ಕದರಮ್ಮ ಸೊಂಟದ ಚೀಲದಿಂದ ಒಂದು ಬೆಳ್ಳಿಯ ತಾಯಿತ ತೆಗೆದಳು, ಮಕ್ಕಳ ಉಡಿದಾರಕ್ಕೆ ಕಟ್ಟುವಂಥದ್ದು. ಮುಚ್ಚಳ ಬಿಚ್ಚಿ ತೋರಿಸಿದಳು. ಖಾಲಿ. ನಮ್ಮಲ್ಲಿ ಕೂಸಿನ ಹೊಕ್ಕುಳಬಳ್ಳಿ ಒಣಗಿ ಬಿದ್ದಾಗ ಅದನ್ನು ತಾಯಿತದಲ್ಲಿ ತುಂಬಿ ಇಡುತ್ತಾರೆ. ನನ್ನದನ್ನೂ ನನ್ನಮ್ಮ ಇಟ್ಟಿದ್ದಾಳೆ.

"ಗಂಡನ ಕಣ್ಣಿಗೆ ಬೀಳ್ದಂಗೆ ಉಪ್ಪಿನ ಮಡಕೆನಾಗೆ ಬಚ್ಚಿಟ್ಟಿದ್ದೆ," ಎಂದಳು. "ನನ್ ಎಂಜ್ಲು ಒಂದೇ ಆದ್ರೆ ಮಿಸನ್ನಿಗೆ ಅವಳ ಗುರ್ತು ಹೆಂಗ್ ಸಿಗ್ತದೆ, ಅದ್ಕೆ ಅವಳ್ದೂ ಜೊತ್ಗಾಕ್ದೆ. ಓದಾಯ್ತಲ್ಲ, ಕೊಡು. ನಾ ಸತ್ತಾಗ ಮಡ್ಲಿಗೆ ಹಾಕ್ರಿ ಅಂತ ಹೇಳಿವ್ನಿ."

ಆ ಚೂರನ್ನು ಮೆಷಿನ್ನು ಓದಿದ್ದರೂ ಕದರಮ್ಮನ ಗುರುತೇ ಬರುತ್ತಿತ್ತು. ಆ ಲೆಕ್ಕದಲ್ಲಿ ತಾಯಿಗೂ ಮಗಳಿಗೂ ವ್ಯತ್ಯಾಸವೇ ಇಲ್ಲ.

ಅಷ್ಟು ಹೊತ್ತಿಗೆ ಹತ್ತು ಸುಳ್ಳು ನನ್ನ ಬಾಯಿಗೆ ಬಂದವು. ಮುಂದಿನ ವಾರ ತರುತ್ತೇನೆ ಎನ್ನಬಹುದಿತ್ತು. ಯಾವುದಾದರೂ ಒಣ ಬೇರಿನ ಚೂರು ತಂದು ಕೊಟ್ಟಿದ್ದರೂ ಅವಳು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆದರೆ ನನ್ನ ಒಂದು ಸುಳ್ಳಿಗೇ ಅವಳು ತನ್ನಲ್ಲಿ ಉಳಿದಿದ್ದ ಒಂದೇ ಒಂದನ್ನು ತೆತ್ತಿದ್ದಳು.

"ಅದು ಇಲ್ಲ ಅಜ್ಜಿ. ಕಸ ಅಂದುಕೊಂಡು ಎಸೆದರು. ಅಂಥದ್ದನ್ನೆಲ್ಲ ಸುಟ್ಟುಬಿಡುತ್ತಾರೆ. ಮೆಷಿನ್ನು ಮಗಳನ್ನು ಹುಡುಕುವುದಿಲ್ಲ. ನಾನು ಸುಳ್ಳು ಹೇಳಿದ್ದೆ."

"ಸುಟ್ರಾ?"

"ಹೂಂ."

ಬೈಯಲಿ ಎಂದು ಕಾದೆ. ಅವಳು ತಾಯಿತದ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿ, ನೆಲದ ಮೇಲಿಟ್ಟಳು.

"ಆವತ್ತು ಅವಳ ಬಟ್ಟೆ ಸುಟ್ರು," ಎಂದಳು. "ಈಗ ಮೈನೇ ಸುಟ್ಟಂಗಾತು."

ಎದ್ದು ಹಿತ್ತಲಿಗೆ ನಡೆದಳು. ನಾನು ಹಿಂದೆಯೇ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕೂದಲು ಬಿಚ್ಚಿಕೊಂಡಳು. ಪಕ್ಕದಲ್ಲಿ ತುಂಬಿದ ಬಿಂದಿಗೆ ಇತ್ತು.

"ಹುಯ್ಯಿ ಮಗ."

"ಬೇಡ ಅಜ್ಜಿ, ಅವಳು ಎಲ್ಲೋ ಚೆನ್ನಾಗಿರುತ್ತಾಳೆ. ಬೇಡ."

"ಅದೇ ಬಳ್ಳಿ ಅಂದ್ಯಲ್ಲ," ಎಂದಳು ಕದರಮ್ಮ, ತಲೆ ಬಗ್ಗಿಸಿಕೊಂಡು. "ಅಂಗಾರೆ ನೀನೂ ನಮ್ಮೋಳೇ ಆದೆ. ಹುಯ್ಯಿ."

ನಾನು ಬಿಂದಿಗೆ ಎತ್ತಿ ಅವಳ ತಲೆಯ ಮೇಲೆ ನೀರು ಹುಯ್ದೆ.