ಮೂರನೆಯ ಹಾಡು ಇರಲಿ

ಕೊರಿಯರಿನವನು ಕೊಟ್ಟುಹೋದ ಪೆಟ್ಟಿಗೆಯನ್ನು ಮಜೀದಾ ಮಂಚದ ಕೆಳಗೆ ತಳ್ಳಿ, ಚಾದರವನ್ನು ನೆಲ ಮುಟ್ಟುವವರೆಗೆ ಎಳೆದಳು. ಪಕ್ಕದ ಕೋಣೆಯಲ್ಲಿ ಅವಳ ಗಂಡ ತಾಜ್ ಪಾಷಾನ ಹೆಣಕ್ಕೆ ಕಫನ್ ಬಟ್ಟೆ ಸುತ್ತುತ್ತಿದ್ದರು.

“ಅಮ್ಮೀ, ಅದು ಅಬ್ಬಾನ ರೆಕಾರ್ಡು. ಯಾಕೆ ಬಚ್ಚಿಡ್ತೀಯ?” ಎಂದಳು ಮಗಳು ನಿಖಾತ್.

“ಸನಾವುಲ್ಲಾ ಬಂದವ್ನೆ. ಬಾಗ್ಲಲ್ಲೇ ಕುಂತವ್ನೆ. ಮೆತ್ತಗೆ ಮಾತಾಡು.”

*

ನಲವತ್ತೈದು ವರ್ಷದ ಹಿಂದೆ ತಾಜ್ ಪಾಷಾ ಬೆಂಗಳೂರಿನ ಒಂದು ರಾಕ್ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಅದನ್ನು ಬಿಟ್ಟು ಬಂದು, ತಾನೇ ಬರೆದ ಎಂಟು ಹಾಡುಗಳನ್ನು ಒಬ್ಬನೇ ಹಾಡಿ ರೆಕಾರ್ಡು ಮಾಡಿಸಿದ. ಮೂರನೆಯ ಹಾಡು ತಂಗಿ ಸಾಬಿರಾಳ ಕುರಿತದ್ದು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಬೆಂಕಿ ಬಿದ್ದ ದಿನ ಅವಳು ಒಳಗಿದ್ದಳು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೀಗ ಹಾಕಿಯೇ ಇರಲಿಲ್ಲ ಎಂದ ಯಜಮಾನ ಸನಾವುಲ್ಲಾ. ಕೇಸು ಅಲ್ಲಿಗೇ ಮುಗಿಯಿತು.

ಹಾಡಿನಲ್ಲಿ ಬೀಗವೂ ಇತ್ತು, ಅವನ ಹೆಸರೂ ಇತ್ತು. ರೆಕಾರ್ಡು ಬಂದ ವಾರವೇ ನಾಲ್ವರು ಮನೆಗೆ ನುಗ್ಗಿ, ತಾಜ್ ಪಾಷಾನ ಎಡಗೈಯನ್ನು ಬಾಗಿಲ ಸಂದಿಗೆ ಇಟ್ಟು ಬೆರಳು ಮುರಿದರು. ಹೋಗುವಾಗ ಒಬ್ಬ ಮಜೀದಾಳ ಬಸುರಿ ಹೊಟ್ಟೆಯನ್ನು ಒಮ್ಮೆ ನೋಡಿದ. ಆಮೇಲೆ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ ಹಿಡಿದ ತಾಜ್ ಪಾಷಾ, ಕೇಳಿದವರಿಗೆಲ್ಲ ಬೆರಳು ಯಂತ್ರಕ್ಕೆ ಸಿಕ್ಕಿತೆಂದು ಹೇಳಿಕೊಂಡೇ ಬದುಕಿದ.

ಹೋದ ವರ್ಷ ಒಂದು ಸಣ್ಣ ಕಂಪನಿಯವರು ಎಲ್ಲಿಂದಲೋ ಹಳೆಯ ಪ್ರತಿಯೊಂದನ್ನು ಹುಡುಕಿ ತಂದು, ಇದನ್ನು ಮತ್ತೆ ಹೊರತರುತ್ತೇವೆ ಎಂದರು. ಮೂರನೆಯದೊಂದನ್ನು ಬಿಟ್ಟುಬಿಡಿ ಎಂದು ಮಜೀದಾ ಗಂಡನನ್ನು ಬೇಡಿಕೊಂಡಳು.

“ನಂಗೂ ಭಯ ಐತೆ ಕಣೆ,” ಎಂದ ಅವನು. “ಆದ್ರೂ ಇರ್ಲಿ.”

ಅಂದಿನಿಂದ ಯಾರಾದರೂ ಕದ ತಟ್ಟಿದರೆ ಇಬ್ಬರ ಮಾತೂ ನಿಲ್ಲುತ್ತಿತ್ತು.

*

ಗಂಡಸರೆಲ್ಲ ಜನಾಜಾ ಹೊತ್ತು ಖಬರಸ್ತಾನಕ್ಕೆ ಹೊರಟರು. ಅಷ್ಟು ದೂರ ನಡೆಯಲಾರದ ಸನಾವುಲ್ಲಾ ಒಬ್ಬನೇ ಬಾಗಿಲಾಚೆ ಕುರ್ಚಿಯಲ್ಲಿ ಉಳಿದ. ಮಜೀದಾ ಪರದೆಯ ಈಚೆ ನಿಂತಳು.

“ಬೂಬಮ್ಮ,” ಎಂದಿತು ಮುದಿ ದನಿ. “ರೆಕಾರ್ಡು ಬಂತಂತೆ.”

ಅವಳು ತಿರುಗಿ ಮಂಚದ ಕಡೆ ನೋಡಿದಳು.

“ಆ ಹಾಡೂ ಐತಾ ಅದ್ರಲ್ಲಿ?”

ಇಲ್ಲ ಎನ್ನುವ ಮಾತು ನಾಲಿಗೆಯವರೆಗೆ ಬಂತು. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಐತೆ,” ಅಂದಳು.

“ನನ್ ಮೊಮ್ಮಕ್ಳು ಕೇಳ್ತಾವೆ ಅದ್ನ,” ಅಂದ ಸನಾವುಲ್ಲಾ. “ಅವಕ್ಕೆ ಏನೂ ಗೊತ್ತಿಲ್ಲ.”

ಕುರ್ಚಿ ಕಿರುಗುಟ್ಟಿತು. ಮಜೀದಾ ಒಂದಷ್ಟು ಹೊತ್ತು ಕಾದು ಪರದೆ ಸರಿಸಿದಳು. ಕಾದ ಸಿಮೆಂಟಿನ ಮೇಲೆ, ಗೋಡೆ ಹಿಡಿದುಕೊಂಡು, ಸನಾವುಲ್ಲಾ ಬರಿಗಾಲಲ್ಲಿ ಓಣಿಯ ತುದಿ ದಾಟುತ್ತಿದ್ದ. ಅವಳು ಕರೆಯಲಿಲ್ಲ. ಹೊಸ್ತಿಲಾಚೆ ಒಂದೇ ಜೊತೆ ಚಪ್ಪಲಿ ಉಳಿದಿತ್ತು.